ಎಂಬತ್ತು ಗ್ರಾಂ

ನಮ್ಮ ಮೈದುನ ಮುತ್ತುರಾಜು ಕೆಟ್ಟವನಲ್ಲ. ಇದನ್ನ ಮೊದಲೇ ಹೇಳಿಬುಡ್ತೀನಿ, ಯಾಕಂದ್ರೆ ನಮ್ಮನೆ ಚಿನ್ನದ ವಿಷಯ ಗೊತ್ತಾದೋರೆಲ್ಲ ಕೊನೆಗೆ ಅವನ ಮೇಲೇ ಹರಿಹಾಯ್ತಾರೆ. ನಾನೂ ಹರಿಹಾಯ್ದಿದ್ದೀನಿ, ಬಾಯಿಗೆ ಬಂದಂಗೆ ಬೈದಿದ್ದೀನಿ. ಮೂರು ದಿನ ಅವನ ತಟ್ಟೆಗೆ ನಾನು ಮುದ್ದೆ ಇಕ್ಕಲೇ ಇಲ್ಲ, ನಮ್ಮತ್ತೆ ಇಕ್ಕಿದ್ರು. ಆದ್ರೆ ನನ್ನ ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಅಂಗನವಾಡಿಗೆ ಬಿಟ್ಟು ಬರ್ತಿದ್ದೋನು ಅವನೇ. ಅವಳ ಕಾಲೇಜಿನ ಫೀಜಿಗೆ ಅಂತ ಬೈಕು ಮಾರಿದೋನೂ ಅವನೇ. ಅದನ್ನ ಮರೆತು ಮಾತಾಡಿದ್ರೆ ನನ್ನ ನಾಲಿಗೆಗೆ ಒಳ್ಳೇದಾಗಲ್ಲ.

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿ ನಮ್ಮದು ಏಳು ಎಕರೆ. ಎಲ್ಲಾ ಸೋಲಾರ್ ಕರೆಂಟಿನೋರಿಗೆ ಕೊಟ್ಟಾಯ್ತು, ವರ್ಷಕ್ಕೊಂದು ಸಲ ಗುತ್ತಿಗೆ ದುಡ್ಡು ಬ್ಯಾಂಕಿಗೆ ಬೀಳುತ್ತೆ. ನಮ್ಮನೆಯವರು, ಹೆಸರು ಹೇಳಬಾರದು, ಆದ್ರೂ ಹೇಳ್ತೀನಿ, ಓಬಳಯ್ಯ, ಇಪ್ಪತ್ತೆರಡು ಕುರಿ ಇಟ್ಕೊಂಡವ್ರೆ. ಮುತ್ತುರಾಜು ಅದೇ ಸೋಲಾರಿನಲ್ಲಿ ವಾಚ್‌ಮನ್. ನಲವತ್ತಾದ್ರೂ ಹೆಣ್ಣು ಸಿಗಲಿಲ್ಲ ಅವನಿಗೆ. ನಮ್ಮದೇ ಹೊಲದ ಮೇಲೆ ನಿಂತಿರೋ ಗಾಜಿನ ಹಲಗೆಗಳನ್ನ ಕಾಯೋದು, ತಗಡಿನ ಶೆಡ್ಡಿನಲ್ಲಿ ಕೂತು ಫೋನು ನೋಡೋದು, ಅಷ್ಟೇ ಕೆಲಸ. ನಮ್ಮತ್ತೆ ಹೆಸರು ಚಿಕ್ಕಕ್ಕ, ಎಪ್ಪತ್ತೈದು ದಾಟಿತ್ತು. ಮಗಳು ಶಿವಲಕ್ಷ್ಮಿ, ಪಾವಗಡದ ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ನಾನು ವರಲಕ್ಷ್ಮಿ. ಇಷ್ಟೇ ಜನ ನಾವು.

ಇಪ್ಪತ್ನಾಲ್ಕನೇ ಇಸವಿ ಆಷಾಢ. ಮಧ್ಯಾಹ್ನ ಊಟಕ್ಕೆ ಬಂದ ಮುತ್ತುರಾಜು ಕಾಲು ತೊಳೀದೇ ಒಳಗೆ ಬಂದ. ಡೆಲ್ಲಿಯಲ್ಲಿ ಬಜೆಟ್ ಆಯ್ತಂತೆ, ಚಿನ್ನದ ಮೇಲಿನ ಸುಂಕ ಹದಿನೈದರಿಂದ ಆರಕ್ಕೆ ಇಳಿಸಿದ್ರಂತೆ, ಬೆಳಗಿನಿಂದ ಮಧ್ಯಾಹ್ನದೊಳಗೆ ಗ್ರಾಂಗೆ ಮುನ್ನೂರು ರೂಪಾಯಿ ಬಿತ್ತಂತೆ. ತಟ್ಟೆ ಮುಂದೆ ಕೂತು ಫೋನು ತೋರಿಸಿದ. ನಮ್ಮತ್ತೆಗೆ ಕಣ್ಣು ಮಂಜು, ಹತ್ತಿರದ್ದು ಕಾಣಲ್ಲ, ಆದ್ರೂ ಫೋನು ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ರು. ಹಂಗಿದ್ರೆ ನಾಳೆನೇ ಹೋಗಿ ತಗೊಂಡು ಬನ್ರಿ, ಶಿವಿಗೆ ಗಂಡು ನೋಡ್ತಾ ಇದ್ದೀವಲ್ಲ ಅಂದ್ರು. ಅದಕ್ಕೆ ಮುತ್ತುರಾಜು ನಕ್ಕ. ಇದು ಶುರು ಅಷ್ಟೇ, ಇನ್ನೂ ಬೀಳುತ್ತೆ, ಆರು ತಿಂಗಳಿಗೆ ಐದು ಸಾವಿರಕ್ಕೆ ಬರುತ್ತೆ, ಫೋನಿನಲ್ಲಿ ಒಬ್ಬ ಕೋಟು ಹಾಕ್ಕೊಂಡೋನು ಬೋರ್ಡಿನ ಮೇಲೆ ಬರೆದು ತೋರಿಸಿದ ಅಂದ.

ನಮ್ಮನೆಯವರು ತಮ್ಮನ ಮಾತು ನಂಬೋರು. ನಂಬೋಕೆ ಕಾರಣನೂ ಇತ್ತು. ಹಿಂದೊಂದು ಸಲ ಬದುವಿನ ಹುಣಸೆಹಣ್ಣು ಮಾರೋಕೆ ಹೊರಟಾಗ ಇವನೇ ತಡೆದಿದ್ದ, ಕೋಲ್ಡ್ ಸ್ಟೋರೇಜಿನಲ್ಲಿ ಇಡಿಸಿ ನಾಲ್ಕು ತಿಂಗಳು ಕಾಯಿಸಿದ್ದ, ಒಂದೂವರೆ ಪಟ್ಟು ಬಂದಿತ್ತು. ಆವತ್ತಿನಿಂದ ಮನೆಯಲ್ಲಿ ಮಾರೋದು ಕೊಳ್ಳೋದು ಅಂದ್ರೆ ಮುತ್ತುರಾಜುನೇ ಯಜಮಾನ.

ಶ್ರಾವಣದಲ್ಲಿ ಗಂಡಿನ ಕಡೆಯವರು ಬಂದ್ರು. ಸಿರಾ ತಾಲ್ಲೂಕಿನ ತಾವರೆಕೆರೆಯವರು. ಹುಡುಗ ನವೀನ್‌ಕುಮಾರ್, ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್, ನೋಡೋಕೂ ಚೆನ್ನಾಗಿದ್ದ, ತಲೆ ತಗ್ಗಿಸಿ ಮಾತಾಡ್ತಿದ್ದ. ತಂದೆ ಇಲ್ಲ. ತಾಯಿ ಮಂಜಮ್ಮ ಸಾಧು ಹೆಂಗಸು. ಮಾತೆಲ್ಲ ಸೋದರಮಾವ ರೇಣುಕಪ್ರಸಾದನದ್ದು. ಆತ ಹೋಳಿಗೆ ಮೇಲೆ ಎರಡನೇ ಸಲ ತುಪ್ಪ ಹಾಕಿಸ್ಕೊಂಡು, ಗವರ್ಮೆಂಟ್ ನೌಕರಿಯ ಹುಡುಗ, ಹೆಚ್ಚೇನೂ ಕೇಳಲ್ಲ, ಹುಡುಗಿ ಮೈಮೇಲೆ ಆರು ಲಕ್ಷದ ಚಿನ್ನ ಹಾಕಿ ಅಂದ. ಕೇಳಬಾರದು, ಕಾನೂನು ಒಪ್ಪಲ್ಲ ಅಂತ ಎಲ್ಲರಿಗೂ ಗೊತ್ತು. ಎಲ್ಲರೂ ಕೇಳ್ತಾರೆ, ಎಲ್ಲರೂ ಕೊಡ್ತಾರೆ, ನಾವೇನು ಮೇಲಿಂದ ಇಳಿದು ಬಂದೋರಲ್ಲ. ಬ್ಯಾಂಕಿನಲ್ಲಿ ಐದು ಲಕ್ಷ ಡಿಪಾಜಿಟ್ ಇತ್ತು, ಐದಾರು ವರ್ಷದ ಗುತ್ತಿಗೆ ದುಡ್ಡು ಕೂಡಿಟ್ಟಿದ್ದು.

ಆಗ ಮುತ್ತುರಾಜು ಅಣ್ಣನನ್ನ ಕುರಿದೊಡ್ಡಿ ಹಿಂದಕ್ಕೆ ಕರ್ಕೊಂಡು ಹೋದ. ನಾನು ಹಿತ್ತಲಲ್ಲಿ ಪಾತ್ರೆ ತೊಳೀತಿದ್ದೆ, ಒಂದೊಂದು ಮಾತೂ ಕಿವಿಗೆ ಬಿತ್ತು.

"ಅಣ್ಣ, ದುಡ್ಡಲ್ಲಿ ಮಾತಾಡ್ಬ್ಯಾಡ. ಗ್ರಾಂನಲ್ಲಿ ಮಾತಾಡು. ಎಂಬತ್ತು ಗ್ರಾಂ ಹಾಕ್ತೀವಿ ಅನ್ನು. ಇವತ್ತಿನ ರೇಟಿಗೆ ಮಜೂರಿ ಸೇರಿ ಆರು ಲಕ್ಷ ಆಗ್ತದೆ, ಅವರೂ ಒಪ್ತಾರೆ. ಮದುವೆ ಹೊತ್ತಿಗೆ ಅದೇ ಎಂಬತ್ತು ಗ್ರಾಂ ನಾಲ್ಕೂವರೆಗೆ ಬಂದ್ಬುಡ್ತದೆ. ಒಂದೂವರೆ ಲಕ್ಷ ಉಳೀತದೆ ಕಣಣ್ಣ."

ಕೇಳೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ನಾನೂ ಮನಸ್ಸಿನಲ್ಲೇ ಭೇಷ್ ಅಂದೆ. ಸುಳ್ಳು ಯಾಕೆ ಹೇಳಲಿ. ನಮ್ಮನೆಯವರು ಒಳಗೆ ಹೋಗಿ ಹಂಗೇ ಅಂದ್ರು. ರೇಣುಕಪ್ರಸಾದ್ ಬೆರಳಲ್ಲಿ ಲೆಕ್ಕ ಹಾಕಿ, ಆಯ್ತು, ಗ್ರಾಂ ಅಂದ್ರೆ ಗ್ರಾಂ ಅಂದ. ವೀಳ್ಯ ಬದಲಾಯಿಸಿದ್ವಿ. ವೀಳ್ಯ ಬದಲಾಯಿಸಿದ ಮೇಲೆ ಮಾತು ಬದಲಾಯಿಸೋ ಹಂಗಿಲ್ಲ ನಮ್ಮಲ್ಲಿ. ಕಾರ್ತೀಕದಲ್ಲಿ ಮದುವೆ ಅಂತ ನಿಶ್ಚಯ ಆಯ್ತು.

ಆಮೇಲೆ ಶುರುವಾಯ್ತು ನೋಡಿ ಈ ಕಾಯೋದು. ಅತ್ತೆ ದಿನಾ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು, ಎಷ್ಟಾಯ್ತಂತೆ ಅಂತ ಕೇಳೋರು. ಮುತ್ತುರಾಜು ಫೋನು ನೋಡಿ ಹೇಳೋನು. ಒಂದಿನ ಹತ್ತು ರೂಪಾಯಿ ಇಳಿಯೋದು, ಮಾರನೇ ದಿನ ಮೂವತ್ತು ಏರೋದು. ಗಣೇಶನ ಹಬ್ಬ ಕಳೆದ ಮೇಲೆ, ಅಮೆರಿಕದ ದೊಡ್ಡ ಬ್ಯಾಂಕು ಬಡ್ಡಿ ಇಳಿಸಿತಂತೆ, ಅದಕ್ಕೆ ಚಿನ್ನ ಏರ್ತಾ ಐತೆ, ತಾತ್ಕಾಲಿಕ ಅಂದ. ಅಮೆರಿಕದೋನು ಬಡ್ಡಿ ಇಳಿಸಿದ್ರೆ ಕ್ಯಾತಗಾನಚೆರ್ಲಿನ ಹುಡುಗಿ ಕತ್ತಿನ ಚಿನ್ನ ಯಾಕೆ ಏರ್ಬೇಕು ಅಂತ ನಾನು ಕೇಳ್ದೆ. ಅವನು ವಿವರಿಸಿ ಹೇಳ್ದ. ಅಲ್ಲಿ ಬಡ್ಡಿ ಕಡಿಮೆಯಾದ್ರೆ ದುಡ್ಡಿರೋರು ಬ್ಯಾಂಕಿಂದ ತೆಗೆದು ಚಿನ್ನಕ್ಕೆ ಹಾಕ್ತಾರಂತೆ, ಇಡೀ ಲೋಕದಲ್ಲಿ ರೇಟು ಏರುತ್ತಂತೆ. ಅರ್ಥ ಆಯ್ತು ನಂಗೆ. ಇಷ್ಟು ತಿಳ್ಕೊಂಡಿರೋ ನೀನು ಇನ್ನೂ ಯಾಕೆ ಕೂತಿದ್ದೀಯ ಅಂತ ಕೇಳ್ಬೇಕಿತ್ತು. ಕೇಳಲಿಲ್ಲ.

ದಸರಾದಲ್ಲಿ ಹುಡುಗನ ತಾತ ತೀರ್ಕೊಂಡ್ರು. ವರ್ಷದ ಕಾರ್ಯ ಆಗೋವರೆಗೂ ಮನೆಯಲ್ಲಿ ಶುಭಕಾರ್ಯ ಇಲ್ಲ ಅಂತ ತಾವರೆಕೆರೆಯಿಂದ ಫೋನು ಬಂತು. ಮದುವೆ ಒಂದು ವರ್ಷ ಮುಂದಕ್ಕೆ ಹೋಯ್ತು. ಶಿವಿ ಮುಖ ಸಣ್ಣದು ಮಾಡ್ಕೊಂಡ್ಲು. ಮುತ್ತುರಾಜು ಮಾತ್ರ, ಒಳ್ಳೇದೇ ಆಯ್ತು ಬುಡಿ, ಡಿಪಾಜಿಟ್ಟಿಗೆ ಒಂದು ವರ್ಷದ ಬಡ್ಡಿನೂ ಬರುತ್ತೆ, ರೇಟೂ ಇಳಿಯುತ್ತೆ ಅಂದ.

ಅದೇ ತಿಂಗಳು ಅತ್ತೆ ಅವನ ಹತ್ರ ಜಗಳಕ್ಕೆ ನಿಂತ್ರು. ಊಟದ ಹೊತ್ತು, ಹುರಳಿ ಸಾರು ಮಾಡಿದ್ದೆ. ಅವನೇ ಬಾಯಿ ತಪ್ಪಿ ಹೇಳಿದ್ದು, ನಮ್ಮ ದೇಶದ ರಿಸರ್ವ್ ಬ್ಯಾಂಕಿನವರು ಲಂಡನ್‌ನಲ್ಲಿ ಇಟ್ಟಿದ್ದ ಚಿನ್ನವನ್ನ ವಿಮಾನದಲ್ಲಿ ಟನ್ನುಗಟ್ಟಲೆ ವಾಪಸ್ ತಂದ್ರಂತೆ, ಹೊಸದೂ ಕೊಳ್ತಾವ್ರಂತೆ, ಚೀನಾದವರೂ ಕೊಳ್ತಾವ್ರಂತೆ ಅಂತ. ಅತ್ತೆ ಕೈಲಿದ್ದ ಮುದ್ದೆ ತಟ್ಟೆಗೆ ಇಟ್ರು.

"ಏಮಿರಾ ಮುತ್ತು, ನೋಟು ಅಚ್ಚಾಕೋ ಬ್ಯಾಂಕಿನೋರೇ ನೋಟು ಬ್ಯಾಡ ಅಂತ ಚಿನ್ನ ಮನೆಗೆ ತಂದು ಇಟ್ಕತಾವ್ರೆ ಅಂದ್ರೆ, ನೀನು ನೋಟು ಇಟ್ಕಂಡು ಏನು ಕಾಯ್ತಾ ಇದೀಯ್ಲಾ?"

ಮುತ್ತುರಾಜು ನಕ್ಕುಬಿಟ್ಟ. ನಿಂಗೆ ಇದೆಲ್ಲ ತಿಳಿಯಲ್ಲ ಅವ್ವ, ಅದು ದೇಶದ ಲೆಕ್ಕ, ಇದು ಮನೆ ಲೆಕ್ಕ ಅಂದ. ಅತ್ತೆ ನಮ್ಮನೆಯವರ ಮುಖ ನೋಡಿದ್ರು. ಅವರು ಸಾರು ಕಲಸ್ತಾ ಕೂತ್ರು. ಓದಿಲ್ಲದ ಮುದುಕಿ, ಮಡಕಶಿರದ ಕಡೆಯ ತೆಲುಗು ಹಳ್ಳಿಯಿಂದ ಹದಿನಾಲ್ಕು ವರ್ಷಕ್ಕೆ ಮದುವೆಯಾಗಿ ಬಂದೋರು, ಒಂದೇ ಮಾತಲ್ಲಿ ಎಲ್ಲಾ ಹೇಳಿದ್ರು. ನಾವು ಮೂರು ಜನ ಇದ್ವಿ ಅಲ್ಲಿ, ಒಬ್ಬರ ತಲೆಗೂ ಹೋಗಲಿಲ್ಲ.

ದೀಪಾವಳಿ ಆದ ಮೇಲೆ ಅಮೆರಿಕದಲ್ಲಿ ಎಲೆಕ್ಷನ್ ಆಗಿ ನಿಜವಾಗಲೂ ರೇಟು ಇಳೀತು. ಏಳು ಸಾವಿರದ ಮುನ್ನೂರು ಇದ್ದದ್ದು ಏಳರ ಕೆಳಗೆ ಬಂತು. ಮುತ್ತುರಾಜು ಓಡಿಬಂದು ತಾಯಿ ಮುಂದೆ ಫೋನು ಹಿಡಿದ. ಆವತ್ತು ಕೊಂಡಿದ್ರೂ ಆಗ್ತಿತ್ತು. ಮಜೂರಿ ಸೇರಿ ಅರವತ್ತು ಗ್ರಾಂ ಬರ್ತಿತ್ತು. ಆರಕ್ಕೆ ಬರಲಿ ಅಂದ.

ಬರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಮತ್ತೆ ಏಳೂಕಾಲು. ಅಲ್ಲಿಂದ ಯುಗಾದಿಯೊಳಗೆ ಎಂಟು ದಾಟಿತು. ಇಲ್ಲಿ ನಮ್ಮ ರಿಸರ್ವ್ ಬ್ಯಾಂಕೂ ಬಡ್ಡಿ ಇಳಿಸಿದ್ದಕ್ಕೆ ಡಿಪಾಜಿಟ್ ಮುಂದುವರಿಸುವಾಗ ಮೊದಲಿನ ಬಡ್ಡಿ ಕೊಡಲ್ಲ ಅಂದ್ರು. ಅಮೆರಿಕದೋನು ಎಲ್ಲಾ ದೇಶದ ಸಾಮಾನಿನ ಮೇಲೂ ಸುಂಕ ಜಡಿದನಂತೆ, ಎಲ್ಲರೂ ಹೆದರಿಕೊಂಡು ಚಿನ್ನಕ್ಕೆ ಬಿದ್ದರಂತೆ, ಏಪ್ರಿಲ್‌ನಲ್ಲಿ ಒಂಬತ್ತು. ಮುತ್ತುರಾಜು ಬೆಳಗ್ಗೆ ಕಾಫಿಗೆ ಬರೋದು ನಿಲ್ಲಿಸ್ದ. ಅತ್ತೆಯೂ ಎಷ್ಟಾಯ್ತು ಅಂತ ಕೇಳೋದು ನಿಲ್ಲಿಸಿದ್ರು. ಈಗ ಕೊಳ್ಳೋಣ ಅಂದ್ರೆ ಇಷ್ಟು ಏರಿದ್ದು ಇಳೀದೆ ಇರುತ್ತಾ ಅನ್ನೋದು, ಇಳೀಲಿ ಅಂತ ಕಾದ್ರೆ ಇನ್ನಷ್ಟು ಏರೋದು. ಗೌರಿ ಹಬ್ಬ ಕಳೆಯೋ ಹೊತ್ತಿಗೆ ಹತ್ತು ದಾಟಿತ್ತು. ನಮ್ಮನೆಯವರಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಕುರಿ ಜೊತೆ ಮಾತಿಲ್ಲ.

ಕೊನೆಗೆ ಅವರು ತಾವರೆಕೆರೆಗೆ ಹೋದ್ರು. ಒಬ್ಬರೇ ಹೋದ್ರು. ಮೊದಲು ಕೇಳಿದ್ದಂತೆ ಆರು ಲಕ್ಷದ ಚಿನ್ನ ಹಾಕ್ತೀವಿ, ಹೆಂಗಾದ್ರೂ ಹೊಂದಿಸ್ತೀವಿ, ಗ್ರಾಂ ಮಾತು ಬುಡಿ ಅಂತ ಕೇಳ್ಕೊಂಡ್ರಂತೆ. ಮಂಜಮ್ಮ ಅಣ್ಣನ ಮುಖ ನೋಡಿದ್ರಂತೆ. ರೇಣುಕಪ್ರಸಾದ್ ಕೂಗಾಡಲಿಲ್ಲ, ಕಾಫಿ ಕೊಡಿಸ್ದನಂತೆ, ಸಮಾಧಾನವಾಗಿಯೇ ಕೇಳಿದನಂತೆ.

"ಓಬಳಯ್ಯನೋರೇ, ರೇಟು ಇಳಿದಿದ್ರೆ ನೀವು ಬಂದು, ತಗೊಳ್ಳಿ ಇನ್ನೊಂದಿಪ್ಪತ್ತು ಗ್ರಾಂ ಜಾಸ್ತಿ ಅಂತ ಕೊಡ್ತಿದ್ರಾ?"

ಬಂದು ನಮಗೆ ಇಷ್ಟು ಹೇಳಿ ನಮ್ಮನೆಯವರು ಟವೆಲಿನಲ್ಲಿ ಮುಖ ಒರೆಸ್ಕೊಂಡ್ರು. ಆತ ಕೇಳಿದ್ದು ನ್ಯಾಯವೇ. ಮುತ್ತುರಾಜು ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋಗಿ ಅವನಿಗೆ ಬೈದೆ ನೋಡಿ, ಅಕ್ಕಪಕ್ಕದೋರು ಬಾಗಿಲಿಗೆ ಬಂದು ನಿಲ್ಲೋ ಹಂಗೆ ಬೈದೆ. ಆ ಬೋರ್ಡಿನ ಮೇಲೆ ಬರೆದೋನನ್ನ ಕರ್ಕೊಂಡು ಬಾ, ಅವನೇ ಧಾರೆ ಎರೆದುಕೊಡಲಿ ಅಂದೆ. ಅವನು ದೊಡ್ಡಿ ಗೋಡೆ ಹಿಡ್ಕೊಂಡು ನಿಂತಿದ್ದ.

ಶಿವಿ ಆವತ್ತು ಸಂಜೆ ಬಸ್ಸಿಳಿದು ಬಂದೋಳು ಬ್ಯಾಗು ಕೂಡ ಕೆಳಗಿಡಲಿಲ್ಲ.

"ಅಪ್ಪ, ನನ್ನ ತೂಕ ಹಾಕಿ ಕೊಡೋ ಮದುವೆ ನಂಗೆ ಬ್ಯಾಡ. ಫೋನು ಮಾಡಿ ಹೇಳ್ಬುಡಿ."

ನವೀನನಿಗೆ ಅವಳೇ ಹೇಳಿ ನೋಡಿದ್ದಳಂತೆ. ನಮ್ಮ ಮಾವ ಕೇಳಲ್ಲ, ನಾನೇನು ಮಾಡ್ಲಿ, ನಂಗೆ ನೀನು ಬೇಕು ಅಂದನಂತೆ. ಎರಡೂ ನಿಜವೇ. ಬೇಡ ಅಂದ್ರೆ ಬೇಡ ಅಂತ ನಾನೂ ನಮ್ಮನೆಯವರೂ ಒಂದು ಮನಸ್ಸು ಮಾಡಿದ್ವಿ. ಒಪ್ಪದೇ ಇದ್ದೋರು ಅತ್ತೆ. ಮೊಮ್ಮಗಳನ್ನ ಪಕ್ಕಕ್ಕೆ ಕೂರಿಸ್ಕೊಂಡು, ಕತ್ತಿನಿಂದ ಕಾಸಿನ ಸರ ಬಿಚ್ಚಿ ಅವಳ ಮಡಿಲಿಗೆ ಹಾಕಿದ್ರು. ಅದು ಅವರ ತವರಿಂದ ಬಂದದ್ದು. ಗಂಡ ಸತ್ತಾಗಲೂ ಇದು ನಮ್ಮಮ್ಮ ಹಾಕಿದ್ದು ಅಂತ ಬಿಚ್ಚದೇ ಇದ್ದ ಸರ.

ಶಿವಿ ಅಳ್ತಾ ಅದನ್ನ ವಾಪಸ್ ಅವರ ಕತ್ತಿಗೆ ಹಾಕೋಕೆ ಹೋದ್ಲು. ಅತ್ತೆ ಅವಳ ಕೈ ಹಿಡ್ಕೊಂಡ್ರು.

"ನೀನು ಒಂದು ವರ್ಷದಿಂದ ದಿನಾ ಸಾಯಂಕಾಲ ಬೇಲಿ ಹತ್ರ ನಿಂತು ಫೋನಿನಲ್ಲಿ ನಗೋದು ಕೇಳಿಸ್ಕಂಡಿದೀನಿ ಕಣಮ್ಮ. ಈ ಸರ ನನ್ನ ಕತ್ತಲ್ಲಿ ಕೂತ್ಕಂಡು ಅಂಗೆ ನಗಲ್ಲ. ನಂಗೆ ನಿನ್ನ ನಗು ಬೇಕು."

ಶಿವಿ ಒಪ್ಪಿದ್ಲು. ಕಾರ್ತೀಕ ಕಳೆದ ಮೇಲೆ ಒಳ್ಳೆ ದಿನ ಅಂತ ಮದುವೆ ಮತ್ತೆ ನಿಶ್ಚಯ ಆಯ್ತು. ಇನ್ನೇನು ಕೈಮೀರುತ್ತೆ ಅನ್ನೋ ಹೆದರಿಕೆಗೆ ನಮ್ಮನೆಯವರು ಈ ಸಲ ಯಾರನ್ನೂ ಕೇಳದೆ ಡಿಪಾಜಿಟ್ ಮುರಿಸಿ, ದೀಪಾವಳಿಗೆ ನಾಲ್ಕು ದಿನ ಮುಂಚೆ ಇಪ್ಪತ್ತು ಗ್ರಾಂ ತಗೊಂಡು ಬಂದ್ರು, ಹನ್ನೆರಡು ಸಾವಿರದ ಮೇಲೆ ಕೊಟ್ಟು. ಹಬ್ಬ ಆದ ಎರಡೇ ದಿನಕ್ಕೆ ಧಡಾರ್ ಅಂತ ಬಿತ್ತು. ಮುತ್ತುರಾಜು ಅದನ್ನ ನೋಡಿದ್ದ, ಆದ್ರೆ ಅಣ್ಣನಿಗೆ ಹೇಳಲಿಲ್ಲ. ಪಾಪ, ಅಷ್ಟು ಮಾತ್ರ ಬುದ್ಧಿ ಓಡಿಸ್ದ. ಉಳಿದ ದುಡ್ಡಿಗೆ ಆಮೇಲೆ ಇನ್ನೊಂದು ಇಪ್ಪತ್ತು ಗ್ರಾಂ ಬಂತು. ಆ ವರ್ಷದ ಗುತ್ತಿಗೆ ದುಡ್ಡು ಮಂಟಪಕ್ಕೆ, ಅಡುಗೆಯೋರಿಗೆ ಅಡ್ವಾನ್ಸ್ ಆಗಿ ಹೋಗಿತ್ತು.

ಇನ್ನು ನಲವತ್ತು ಬೇಕು. ಅತ್ತೆ ಸರ ಮೂವತ್ತೆರಡು ಅಂತ ಮನೆಯಲ್ಲಿ ಮೊದಲಿನಿಂದ ಹೇಳ್ಕೊಂಡು ಬಂದಿದ್ವಿ. ಮಧುಗಿರಿಯ ಅಂಗಡಿಯಲ್ಲಿ ಕರಗಿಸಿದಾಗ ಗುಂಡುಗಳೊಳಗಿನ ಅರಗು ಹೋಯ್ತು, ಕೊಳೆ ಹೋಯ್ತು, ಹಳೇ ಚಿನ್ನ ಅಂತ ಇನ್ನೊಂದಷ್ಟು ಹೋಯ್ತು. ಇಪ್ಪತ್ತೇಳು ಲೆಕ್ಕ ಹಿಡಿದ್ರು. ಕುಲುಮೆಯಲ್ಲಿ ಅದು ಮೆತ್ತಗಾಗೋವಾಗ ಅತ್ತೆ ಬೆಟ್ಟದ ಕಡೆಗೆ ಮುಖ ಮಾಡ್ಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ರು. ನಾನು ನನ್ನ ತಾಳಿ ಸರ ಬಿಚ್ಚಿದೆ. ಎರಡು ಬೊಟ್ಟು ಉಳಿಸ್ಕೊಂಡು, ಸರವನ್ನೂ ಗುಂಡುಗಳನ್ನೂ ಹಾಕ್ದೆ. ಬೊಟ್ಟು ಮಾರೋದುಂಟಾ. ಹಂಗೂ ಹಿಂಗೂ ಹದಿಮೂರರ ಹತ್ರ ಬರುತ್ತೆ ಅಂದ ಅಂಗಡಿಯೋನು. ಬರಿಗತ್ತಲ್ಲಿ ಊರಿಗೆ ಹೋಗೋಕಾಗಲ್ಲ ಅಂತ ಅತ್ತೆನೇ ನನ್ನನ್ನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಗೆ ಕರ್ಕೊಂಡು ಹೋದ್ರು, ಒಂದು ಗ್ರಾಂ ಗೋಲ್ಡ್ ಅಂತ ಮಾರ್ತಾರಲ್ಲ, ಚಿನ್ನದ ನೀರು ಕುಡಿಸಿದ್ದು, ಆ ಸರ ಗುಂಡು ಕೊಡಿಸಿದ್ರು. ಎಂಟುನೂರು ರೂಪಾಯಿ. ಯಾರಿಗೂ ಹೇಳ್ಬ್ಯಾಡ, ಶಿವಿಗಂತೂ ಬ್ಯಾಡ ಅಂದ್ರು. ನಮ್ಮನೆಯವರಿಗೂ ಮುತ್ತುರಾಜುಗೂ ಬಿಟ್ರೆ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ವಾರದ ಮೇಲೆ ಒಡವೆ ತಗೊಳ್ಳೋಕೆ ಎರಡೂ ಕಡೆಯವರು ಅದೇ ಅಂಗಡಿಯಲ್ಲಿ ಸೇರಿದ್ವಿ. ತಾವರೆಕೆರೆಯಿಂದ ಮಂಜಮ್ಮ, ರೇಣುಕಪ್ರಸಾದ್. ನಮ್ಮ ಕಡೆಯಿಂದ ನಾವು ನಾಲ್ಕು ಜನ, ಶಿವಿ ಕೆಲಸಕ್ಕೆ ಹೋಗಿದ್ದಳು. ಎಲ್ಲಾ ಒಡವೆ ಒಟ್ಟಿಗೆ ತಕ್ಕಡಿಗೆ ಹಾಕಿಸ್ದ ರೇಣುಕಪ್ರಸಾದ್. ಕೆಂಪು ಅಕ್ಷರದಲ್ಲಿ ಎಪ್ಪತ್ತೊಂಬತ್ತು ಪಾಯಿಂಟ್ ಮೂರು ಅಂತ ಬಂತು.

ನಮ್ಮನೆಯವರು ಜೇಬು ತಡಕಿದ್ರು. ನಮ್ಮ ಹತ್ರ ಬಸ್ ಚಾರ್ಜು ಬಿಟ್ಟು ಸಾವಿರದ ನೂರು ರೂಪಾಯಿ ಇತ್ತು. ಸಂಬಳ ಬಂದ ತಕ್ಷಣ ಕೊಡ್ತೀನಿ ಅಂತ ಮುತ್ತುರಾಜು ಕೈ ಮುಗಿದ. ಮಂಜಮ್ಮ, ಬುಡಣ್ಣ, ಮುಕ್ಕಾಲು ಗ್ರಾಂಗೆ ಏನು ಅಂದ್ರು. ರೇಣುಕಪ್ರಸಾದ್, ಗ್ರಾಂ ಮಾತು ನಾವು ಆಡಿದ್ದಲ್ಲ, ಅವರೇ ಆಡಿದ್ದು ಅಂದ.

ಅತ್ತೆ ಎಲೆಅಡಿಕೆ ಸಂಚಿ ಬಿಚ್ಚಿದ್ರು. ಸುಣ್ಣದ ಡಬ್ಬಿ, ಅಡಿಕೆ, ಹೊಗೆಸೊಪ್ಪು, ಎಲ್ಲದರ ಕೆಳಗೆ ಒಂದು ಬಟ್ಟೆ ಗಂಟು. ಅದು ಏನು ಅಂತ ನಂಗೆ ಮದುವೆಯಾಗಿ ಬಂದಾಗಿನಿಂದ ಗೊತ್ತು. ಅವರ ಹಳೇ ಓಲೆಯ ಒಂಟಿ ತಿರುಪು. ಪ್ರಾಣ ಹೋಗೋವಾಗ ಬಾಯಿಗೆ ತುಳಸಿ ನೀರಿನ ಜೊತೆ ಒಂದು ಚೂರು ಚಿನ್ನ ಹಾಕ್ಬೇಕಲ್ಲ, ಅದಕ್ಕೆ ಅಂತ ಇಟ್ಕೊಂಡಿದ್ದು. ಪ್ರತಿ ವರ್ಷ ಯುಗಾದಿ ದಿನ ತೆಗೆದು ತೊಳೆದು ಮತ್ತೆ ಗಂಟು ಹಾಕೋರು, ವರಲಕ್ಷ್ಮಿ, ಇದು ನನ್ನ ಬಾಯಿಗೆ, ಮರೀಬ್ಯಾಡ ಅನ್ನೋರು. ಬೇಡ ಅತ್ತೆ ಅಂತ ನಾನು ಅವರ ಮೊಣಕೈ ಹಿಡ್ಕೊಂಡೆ. ಬಿಡಿಸ್ಕೊಂಡ್ರು. ಅಂಗಡಿಯೋನು ಅದನ್ನ ತೂಗಿ, ಬದಲಿಗೆ ಒಂದು ಜೊತೆ ಪುಟ್ಟ ಗುಂಡು ತಕ್ಕಡಿಗೆ ಹಾಕ್ದ. ಎಂಬತ್ತು ಅಂತ ಬಂತು. ರೇಣುಕಪ್ರಸಾದ್ ಎಲ್ಲರಿಗೂ ಬಾದಾಮಿ ಹಾಲು ಕೊಡಿಸ್ದ.

ಬಸ್ಸಿನಲ್ಲಿ ಮುತ್ತುರಾಜು ತಾಯಿ ಕಾಲ ಹತ್ರ, ಸೀಟು ಬಿಟ್ಟು ಕೆಳಗೇ ಕೂತ. ಹೊಸ ವರ್ಷದೊಳಗೆ ಒಂದು ಗ್ರಾಂ ತಂದು ನಿನ್ನ ಸಂಚಿಗೆ ಹಾಕ್ತೀನಿ ಅವ್ವ ಅಂದ. ಅತ್ತೆ ಅವನ ತಲೆ ಸವರಿದ್ರು. "ಪೋನೀಲೇರಾ, ಹೋಗ್ಲಿ ಬುಡೋ," ಅಂದ್ರು, "ಸತ್ತ ಬಾಯಿಗೆ ಏನು ರುಚಿ ಗೊತ್ತಾಗ್ತದೆ, ಬುಡು."

ಮದುವೆ ಚೆನ್ನಾಗಾಯ್ತು. ಊಟದಲ್ಲಿ ಒಂದು ಕೊರತೆ ಇಲ್ಲ. ಶಿವಿ ಎಂಬತ್ತು ಗ್ರಾಂ ಹಾಕ್ಕೊಂಡು ಕೂತಿದ್ದಾಗ ಅತ್ತೆ ಬರಿಗತ್ತಲ್ಲಿ ಮುಂದಿನ ಸಾಲಲ್ಲಿ ಕೂತು ನೋಡಿದ್ರು. ವಾರದೊಳಗೆ ಒಡವೆ ಎಲ್ಲಾ ಸಿರಾದ ಬ್ಯಾಂಕ್ ಲಾಕರಿಗೆ ಹೋಯ್ತಂತೆ, ರೇಣುಕಪ್ರಸಾದನೇ ಇಡಿಸಿದನಂತೆ. ಇಷ್ಟೆಲ್ಲ ಕರಗಿಸಿ ಕೊಟ್ಟಿದ್ದು ಕಬ್ಬಿಣದ ಪೆಟ್ಟಿಗೆಯೊಳಗೆ ಕತ್ತಲಲ್ಲಿ ಕೂತಿದೆ.

ಡಿಸೆಂಬರ್ ಸಂಬಳ ಬಂತು. ಮುತ್ತುರಾಜು ಹತ್ರ ಹನ್ನೆರಡು ಸಾವಿರ ಇತ್ತು, ಅಂಗಿ ಜೇಬಿನಲ್ಲೇ ಇಟ್ಕೊಂಡಿದ್ದ. ಪಾವಗಡಕ್ಕೆ ಹೋಗಿ ಬಂದ, ಕೈ ಬೀಸ್ಕೊಂಡು ಬಂದ. ಒಂದು ಗ್ರಾಂಗೆ ಇನ್ನೂ ಸಾವಿರ ಬೇಕಂತೆ. ಅರ್ಧ ಗ್ರಾಂ ತಗೊಂಡು ಬಾರೋ ಮಾರಾಯ, ಒಂದು ಚೂರು ಇದ್ರೆ ಆಯ್ತು ಅಂದೆ. ಅವನು ಫೋನು ತೆಗೆದ.

"ಅಮೆರಿಕದ ಬ್ಯಾಂಕಿನೋರು ಮೀಟಿಂಗ್ ಮಾಡ್ತಾವ್ರೆ ಅತ್ತಿಗೆ. ಈ ವಾರ ಮುಗೀಲಿ. ಇಳೀತದೆ. ಅವ್ವಂಗೆ ಪೂರ್ತಿ ಒಂದು ಗ್ರಾಂ ತರ್ತೀನಿ."

ನಂಗೆ ಬೈಯೋಕೂ ಆಗಲಿಲ್ಲ. ತಾಯಿಗೆ ಅರ್ಧ ಕೊಡೋಕೆ ಅವನಿಗೆ ಮನಸ್ಸಿಲ್ಲ, ಅದು ನಂಗೆ ಕಾಣ್ತಿತ್ತು. ಮೀಟಿಂಗ್ ಮುಗೀತು, ಇಳೀಲಿಲ್ಲ.

ಇಷ್ಟು ಊರಿಗೂ ಅರ್ಧಂಬರ್ಧ ಗೊತ್ತು. ಮುಂದಿನದು ನಾನು ಯಾರ ಹತ್ರವೂ ಹೇಳಿಲ್ಲ.

ಸಂಕ್ರಾಂತಿ ಕಳೆದು ನಾಲ್ಕನೇ ದಿನ. ಅತ್ತೆಗೆ ಎರಡು ದಿನದಿಂದ ಜ್ವರ, ಕೆಮ್ಮು. ಬೆಳಗ್ಗೆ ಗಂಜಿ ಕುಡಿಸೋಕೆ ಹೋದ್ರೆ ಗಂಜಿ ಬಾಯಿಂದ ವಾಪಸ್ ಬಂತು, ಉಸಿರು ಎಳೀತಿದ್ರು. ನಾನು ಕೂಗಿದ್ದಕ್ಕೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದ್ರು. ಮುತ್ತುರಾಜು ಡ್ಯೂಟಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತ. ನಮ್ಮನೆಯವರು ಕುರಿ ಹೊಡ್ಕೊಂಡು ದೂರ ಹೋಗಿದ್ರು, ಕರೆಯೋಕೆ ಜನ ಹೋದ್ರು. ಆಂಬುಲೆನ್ಸಿಗೆ ಫೋನು ಮಾಡಿದ್ವಿ, ಬರೋವರೆಗೂ ಇರಲ್ಲ ಅಂತ ಎಲ್ಲರಿಗೂ ಕಾಣ್ತಿತ್ತು.

ಯಾರೋ ತುಳಸಿ ನೀರು ತಂದ್ರು. ಪಕ್ಕದ ಮನೆಯ ಹಿರಿಯಮ್ಮ, ವರಲಕ್ಷ್ಮಿ, ಚಿನ್ನ ತಗೋ, ಬೇಗ ಅಂದ್ರು. ನಾನು ಸಂಚಿ ಕಡೆ ನೋಡಿದೆ. ಅಲ್ಲಿ ಸುಣ್ಣದ ಡಬ್ಬಿ ಬಿಟ್ರೆ ಏನಿದೆ. ಬಾಗಿಲಲ್ಲಿ ಮುತ್ತುರಾಜು ಜೇಬಿಂದ ಆ ಹನ್ನೆರಡು ಸಾವಿರ ತೆಗೆದು ಕೈಲಿ ಹಿಡ್ಕೊಂಡಿದ್ದ. ಐನೂರರ ನೋಟುಗಳು. ಅದನ್ನ ಯಾರಿಗೆ ಕೊಡಬೇಕು, ಎಲ್ಲಿಗೆ ಓಡಬೇಕು ಅಂತ ಗೊತ್ತಾಗದೆ ನಿಂತಿದ್ದ.

ಅಷ್ಟು ಜನ ಹೆಂಗಸರಿದ್ರು, ಒಬ್ಬೊಬ್ಬರ ಮೈಮೇಲೂ ಒಂದು ಚೂರು ಚಿನ್ನ ಇತ್ತು. ಬಾಯಿ ಬಿಟ್ಟು ಕೇಳಿದ್ರೆ ಕೊಡ್ತಿದ್ರು. ಆದ್ರೆ ಎಲ್ಲರೂ ನನ್ನ ಕತ್ತು ನೋಡ್ತಿದ್ರು. ಕತ್ತು ತುಂಬ ಗುಂಡು ಹಾಕ್ಕೊಂಡ ಸೊಸೆ, ಯಾಕೆ ತಡ ಮಾಡ್ತಾಳೆ ಅಂತ. ಕೇಳಿದ್ರೆ ಯಾಕೆ ಅಂತ ಹೇಳಬೇಕು. ಹೇಳಿದ್ರೆ ಸಂಜೆಯೊಳಗೆ ತಾವರೆಕೆರೆಗೆ ಮುಟ್ಟುತ್ತೆ, ತಾಯಿ ಕತ್ತಿನ ಗುಂಡು ಕಿತ್ತು ಮದುವೆಯಾಗಿ ಬಂದೋಳು ಅಂತ ಶಿವಿ ಜೀವಮಾನವೆಲ್ಲ ಅನ್ನಿಸ್ಕೋಬೇಕು. ಬೊಟ್ಟು ಕೊಡೋಣ ಅಂದ್ರೆ ಗಂಡ ಬದುಕಿದ್ದಾರೆ.

ಹಿರಿಯಮ್ಮ ಕತ್ತರಿ ಕೊಟ್ರು. ನಾನು ನನ್ನ ಸರದಿಂದ ಒಂದು ಗುಂಡು ಕತ್ತರಿಸಿದೆ. ಎಂಟುನೂರು ರೂಪಾಯಿ ಸರದ ಗುಂಡು. ಅತ್ತೆ ಬಾಯಿ ತೆಗೆದು ನಾಲಿಗೆ ಮೇಲೆ ಇಟ್ಟೆ, ತುಳಸಿ ನೀರು ಬಿಟ್ಟೆ. ಅವರ ಕಣ್ಣು ತೆಗೆದೇ ಇತ್ತು, ನನ್ನನ್ನೇ ನೋಡ್ತಿತ್ತು. ಆ ಸರ ಕೊಡಿಸಿದ್ದು ಅವರೇ ಅಲ್ವಾ. ಬಾಯಿ ಮುಚ್ಚಿಕೊಂಡ್ರು. ಗುಂಡು ಹೊರಗೆ ಬರದ ಹಂಗೆ ತುಟಿ ಬಿಗಿ ಹಿಡಿದ್ರು, ಆಮೇಲೆ ಬಿಡಲಿಲ್ಲ.

ನಮ್ಮನೆಯವರು ಬರೋ ಹೊತ್ತಿಗೆ ಮುಗಿದಿತ್ತು. ಪುಣ್ಯವಂತೆ, ಸೊಸೆ ಕತ್ತಿನ ಚಿನ್ನ ಬಾಯಿಗೆ ಬಿತ್ತು ಅಂತ ಹೆಂಗಸರು ಅವರಿಗೆ ಹೇಳಿದ್ರು. ಅವರು ನನ್ನ ಸರ ನೋಡಿದ್ರು, ಗೋಡೆಗೆ ಒರಗಿ ಕುಸಿದು ಕೂತ್ರು. ಮುತ್ತುರಾಜು ದೊಡ್ಡಿಯೊಳಗೆ ಹೋಗಿ ಕುರಿಗಳ ಮಧ್ಯ ಕೂತಿದ್ದ, ಹೆಣ ಎತ್ತೋವರೆಗೂ ಎದ್ದು ಬರಲಿಲ್ಲ.

ಮಧ್ಯಾಹ್ನ ಶಿವಿ ಗಂಡನ ಜೊತೆ ಬಂದ್ಲು. ಅಜ್ಜಿ ಮೇಲೆ ಬಿದ್ದು ಅತ್ತಳು. ಅವಳ ಕತ್ತಲ್ಲಿ ತಾಳಿ ಬಿಟ್ರೆ ಏನೂ ಇರಲಿಲ್ಲ. ಅತ್ತು ಅತ್ತು ಸುಸ್ತಾಗಿ ನನ್ನ ಹತ್ರ ಬಂದು ಕೇಳಿದ್ಲು.

"ಅಮ್ಮ, ಅಜ್ಜಿ ಬಾಯಿಗೆ ಆ ತಿರುಪು ಹಾಕಿದ್ರಾ? ನಿಂಗೆ ಯಾವಾಗ್ಲೂ ಹೇಳ್ತಿತ್ತಲ್ಲ."

"ಅದಕ್ಕಿಂತ ದೊಡ್ಡದು ಹಾಕ್ದೆ ಕಣಮ್ಮ," ಅಂದೆ. "ನನ್ನ ಗುಂಡೇ ಹಾಕ್ದೆ."

ನನ್ನ ಮಗಳು ನನ್ನ ಎರಡೂ ಕೈ ಹಿಡ್ಕೊಂಡು ಕಣ್ಣಿಗೆ ಒತ್ತಿಕೊಂಡ್ಲು, ಒಳ್ಳೇದು ಮಾಡ್ದೆ ಅಮ್ಮ ಅಂದ್ಲು.